ಹಳೇ ಓನರ್ ಬೈಗುಳ

ಫ್ಲಾಟು ಬಾಡಿಗೆಗೆ ಕೇಳಿದ ಟೈಲರ್ ಶರಣಮ್ಮನಿಗೆ ಮಾಲೀಕ ವಿರೂಪಾಕ್ಷಯ್ಯನವರು ಗತ್ತಿನಿಂದ, "ನಿಮ್ಮ ಈಗಿನ ಓನರ್ ಹತ್ತಿರ ವಿಚಾರಿಸದೆ ಬೀಗದ ಕೈ ಕೊಡೋದಿಲ್ಲ" ಅಂದರು.

ಫೋನು ಮಾಡಿದರೆ ಆ ಓನರ್ ಒಂದೇ ಸಮನೆ ಬೈದ. ಗಲಾಟೆ ಹೆಂಗಸು, ಮನೆ ಕೊಡಲೇಬೇಡಿ ಅಂದ. ವಿರೂಪಾಕ್ಷಯ್ಯನವರಿಗೆ ತಲೆಬುಡ ತಿಳಿಯಲಿಲ್ಲ. ಅಂಥವಳನ್ನು ಇವನು ಇಷ್ಟು ವರ್ಷ ಯಾಕೆ ಇಟ್ಟುಕೊಂಡ?

ಕೊನೆಗೆ ಶರಣಮ್ಮನನ್ನೇ ಕರೆದು ಕೇಳಿದರು.

"ನಾನು ಬಿಟ್ಟು ಹೋಗೋದು ಅವರಿಗೆ ಇಷ್ಟ ಇಲ್ಲ ಸಾರ್, ಅದಕ್ಕೇ ಬೈದಿದ್ದಾರೆ. ಹೊಗಳಿದ್ದರೆ ನೀವು ಹೆದರಬೇಕಿತ್ತು."

"ಅದ್ಹೇಗಮ್ಮ?"

"ನಿಮ್ಮ ಹಿಂದಿನ ಬಾಡಿಗೆಯವರ ಬಗ್ಗೆ ವಿಚಾರಿಸೋಕೆ ಯಾರಾದರೂ ಫೋನು ಮಾಡಿದಾಗ, ನೀವೇನು ಹೇಳಿದಿರಿ ಸಾರ್?"

ಗೋಡೆ ತುಂಬ ಮೊಳೆ ಹೊಡೆದ ಆ ಪುಣ್ಯಾತ್ಮನನ್ನು ಸಾಗಹಾಕಲು, "ದೇವರಂಥ ಮನುಷ್ಯ, ಕಣ್ಣುಮುಚ್ಚಿ ಮನೆ ಕೊಡಿ" ಎಂದಿದ್ದು ವಿರೂಪಾಕ್ಷಯ್ಯನವರಿಗೆ ನೆನಪಾಯಿತು.

ಬೀಗದ ಕೈ ತಾನಾಗಿಯೇ ಜೇಬಿನಿಂದ ಹೊರಗೆ ಬಂತು.