ಗಿಳಿ ಮುಟ್ಟದ ತೆನೆ

ಮಲಪ್ರಭೆಯ ದಂಡೆಯ ಮೇಲೊಂದು ಮಠ. ಅಲ್ಲಿನ ಗುರುಗಳನ್ನು ಎಲ್ಲರೂ ಅಜ್ಜ ಅಂತಲೇ ಕರೆಯುತ್ತಿದ್ದರು. ಅವರಿಗೆ ಅಡಿವೆಪ್ಪ ಅಂತ ಒಬ್ಬ ಶಿಷ್ಯ.

ಮಠಕ್ಕಿದ್ದ ಎಂಟೆಕರೆ ಎರೆಹೊಲದ ತುಂಬ ಸೂರ್ಯಕಾಂತಿ. ಅದರ ಕಾಳು ಊರಿನ ಎಣ್ಣೆ ಮಿಲ್ಲಿಗೆ ಹೋದರೆ ಮಠದ ಒಲೆ ಉರಿಯುತ್ತಿತ್ತು, ಓದಲು ಬಂದ ನಲವತ್ತು ಮಂದಿಗೆ ರೊಟ್ಟಿ ಸಿಗುತ್ತಿತ್ತು.

ಒಂದು ದಿನ ಅಜ್ಜ ಹೆಗಲಿಗೆ ಜೋಳಿಗೆ ಹಾಕಿ ದೇಶ ತಿರುಗಲು ಹೊರಟರು. ಹೋಗುವಾಗ ಶಿಷ್ಯನ ಕೈಗೆ ಬೀಜದ ಚೀಲ ಕೊಟ್ಟರು.

"ನಮ್ಮ ಗುರುಗಳ ಕಾಲದ ತಳಿ ಇದು. ಉಗುರಾಗ ಒತ್ತಿದ್ರ ಎಣ್ಣಿ ಒಸರ್ತೈತಿ. ಕೆಡಸಬ್ಯಾಡ."

"ಮುಂದಿನ ವರ್ಷಕ್ಕ ಬೀಜದ ತೆನಿ ಹ್ಯಾಂಗ ಆರಸ್ಲಿ, ಅಜ್ಜಾರ?"

"ಆರಸವ್ರು ಬ್ಯಾರೆ ಅದಾರ. ನೀ ಬರೇ ನೋಡ್ಕೋತ ಇರು."

ಅಡಿವೆಪ್ಪ ಕೈ ಮುಗಿದ. ಅಜ್ಜ ದೇವರ ಮಾತು ಹೇಳಿದರು ಅಂದುಕೊಂಡ. ನಾವು ನೀವಾದರೂ ಹಾಗೇ ಅಂದುಕೊಳ್ಳುತ್ತಿದ್ದೆವು ಬಿಡಿ.

ಬೆಳೆ ಬಲಿತಾಗ ಗಿಳಿಗಳು ಬಂದವು. ಒಂದೆರಡಲ್ಲ, ಹಿಂಡು ಹಿಂಡು. ಬೆಳಿಗ್ಗೆ ಹೋಗಿ ನೋಡಿದರೆ ಎಷ್ಟೋ ತೆನೆಗಳು ಅರ್ಧಕ್ಕರ್ಧ ಖಾಲಿ.

ಅಡಿವೆಪ್ಪನಿಗೆ ಮೈಯೆಲ್ಲ ಉರಿಯಿತು. ಪ್ರತಿ ವರ್ಷದ ಮೊದಲ ಎಣ್ಣೆ ಗದ್ದುಗೆಯ ದೀಪಕ್ಕೆ. ಆ ದೀಪದ ಬೀಜ ಗಿಳಿಯ ಎಂಜಲಾಗಬೇಕೇ? ಶಿವ ಶಿವಾ!

ಗಿಳಿ ಕುಕ್ಕಿದ ತೆನೆಗಳನ್ನೆಲ್ಲ ಬಡಿದು ಮಿಲ್ಲಿಗೆ ಕಳಿಸಿದ. ಗಿಳಿ ಮೂಸಿಯೂ ನೋಡದ, ದುಂಡಗೆ ತುಂಬಿದ ತೆನೆಗಳನ್ನು ಮಾತ್ರ ಆರಿಸಿ, ಮಡಿ ಬಟ್ಟೆಯಲ್ಲಿ ಕಟ್ಟಿ ಬೀಜಕ್ಕೆ ಇಟ್ಟ.

ಮರುವರ್ಷ ಹೊಲದ ನಡುವೆ ಅಟ್ಟ ಕಟ್ಟಿದ, ಕವಣೆ ಹಿಡಿದ. ಕಲ್ಲು ತಲುಪದ ಕಡೆಗೆ ಕೂಗು: "ಹೋಹೋಯ್!" ಆಚೆ ದಂಡೆಯವರೂ ಆ ಕೂಗು ಕೇಳಿ ಎದ್ದು ಎಮ್ಮೆಯ ಹಾಲು ಕರೆಯುತ್ತಿದ್ದರಂತೆ.

ಹೀಗೆ ಏಳು ವರ್ಷ. ವರ್ಷವರ್ಷಕ್ಕೆ ಗಿಳಿ ಕಡಿಮೆಯಾದವು. ಎಲ್ಲ ತನ್ನ ಗಂಟಲಿನ ಪ್ರತಾಪ ಅಂತ ಅಡಿವೆಪ್ಪ ಹಿಗ್ಗಿದ.

ಎಂಟನೆಯ ಬೇಸಿಗೆಯಲ್ಲಿ ಅಜ್ಜ ಮರಳಿ ಬಂದರು. ಕಣ್ಣು ಮಂಜಾಗಿದ್ದವು, ಕೋಲು ಊರಿಕೊಂಡು ನಡೆಯುತ್ತಿದ್ದರು. ಅಡಿವೆಪ್ಪ ಕೈ ಹಿಡಿದು ಹೊಲಕ್ಕೆ ಕರೆದೊಯ್ದ.

"ಮುಟ್ಟಿ ನೋಡ್ರಿ ಅಜ್ಜಾರ, ಒಂದೊಂದು ತೆನಿ ಪರಾತದಷ್ಟು ಅದಾವ. ಈ ವರ್ಷ ಒಂದು ಗಿಳೀನೂ ಬಂದಿಲ್ಲ!"

"ಒಂದೂ?"

"ಒಂದೂ ಇಲ್ರೀ!"

ಅಜ್ಜ ಬದುವಿನ ಮೇಲೆ ಕುಸಿದು ಕೂತರು. ಬಿಸಿಲಿಗೆ ಹಾಗಾಯಿತು ಅಂತ ಅಡಿವೆಪ್ಪ ನೀರು ತಂದ.

ಸಂಜೆ ಮಿಲ್ಲಿನ ಈರಸಂಗಪ್ಪ ಬಂದ. ಮೊದಲ ಕೊಯ್ಲಿನಿಂದ ಹಿಂದಿನ ವಾರ ಕಳಿಸಿದ್ದ ಚೀಲಗಳೆಲ್ಲ ಅವನ ಚಕ್ಕಡಿಯಲ್ಲಿದ್ದವು.

"ಸಿಟ್ಟಾಗಬ್ಯಾಡ ಅಡಿವೆಪ್ಪ. ಬರೇ ಸಿಪ್ಪಿ ಐತಿ. ಹಿಂಡಿ ಬೀಳ್ತೈತಿ, ಎಣ್ಣಿ ಬರವಲ್ದು. ಮಠದ ಮಾರಿ ನೋಡಿ ಮೂರು ವರ್ಷ ಸುಮ್ನಿದ್ದೆ. ಇನ್ನ ನನ್ನ ಕೈಲೆ ಆಗಂಗಿಲ್ಲ."

ಅಡಿವೆಪ್ಪ ಒಂದು ಕಾಳನ್ನು ಉಗುರಲ್ಲಿ ಒತ್ತಿದ. ಬಿಳಿ ಪುಡಿ ಉದುರಿತು. ಇನ್ನೊಂದು ಒತ್ತಿದ. ಅದೂ ಪುಡಿ.

"ಗಿಳಿಗೆ ಎಣ್ಣಿ ಕಾಳು ಗೊತ್ತಾಗ್ತೈತಿ," ಎಂದರು ಅಜ್ಜ. "ಗಿಳಿ ತಿಂದು ಬಿಟ್ಟ ತೆನಿಯೊಳಗ ಉಳಿದಿದ್ದನ್ನ ನಮ್ಮ ಗುರುಗಳು ಬೀಜಕ್ಕ ಇಡ್ತಿದ್ರು. ನಾನೂ ಹಂಗ."

ಶಿಷ್ಯನಿಗೆ ನೆಲವೇ ಬಿರಿದಂತಾಯಿತು. ಏಳು ವರ್ಷ, ಪ್ರತಿ ವರ್ಷ, ಗಿಳಿ ಬೇಡವೆಂದದ್ದನ್ನೇ ಹುಡುಕಿ ಹುಡುಕಿ ಬಿತ್ತಿದ್ದ.

"ಬಿಡಿಸಿ ಹೇಳ್ಬೇಕಿತ್ತ್ರೀ ಅಜ್ಜಾರ!" ಅವನು ಅತ್ತೇಬಿಟ್ಟ.

"ಹೌದಪಾ. ಹೇಳ್ಬೇಕಿತ್ತು," ಎಂದರು ಅಜ್ಜ. ಅವರ ದನಿಯೂ ಸೋತಿತ್ತು.

ಆಮೇಲೆ ಒಂದು ಕಾಳನ್ನು ಬೆರಳಲ್ಲಿ ಹೊರಳಿಸುತ್ತ ಅಂದರು: "ಎಲ್ಲೋ ಒಂದು ತೆನಿಯೊಳಗ ಹಳೇ ಗುಣ ಉಳಿದಿದ್ರೂ ಉಳಿದಿರಬಹುದು."

"ಯಾವ್ದರೊಳಗ?"

"ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕವಣಿ ಕೊಡು ಇಲ್ಲೆ."

ಅಡಿವೆಪ್ಪ ಕೊಟ್ಟ. ಅಜ್ಜ ಅದನ್ನು ಹೊಳೆಗೆ ಎಸೆದರು.

ಹೊಲದ ಒಳ್ಳೊಳ್ಳೆಯ ನಾನೂರು ತೆನೆ ಕೊಯ್ದು ಹೊಳೆಯ ಹಾಸುಬಂಡೆಯ ಮೇಲೆ ಹರವಿದರು. ಗುರು ಶಿಷ್ಯರಿಬ್ಬರೂ ಮರದ ನೆರಳಲ್ಲಿ ಕೂತು ಕಾದರು.

ಮೂರು ದಿನ ಕಳೆದರೂ ಗಿಳಿ ಬರಲಿಲ್ಲ. ಅಡಿವೆಪ್ಪ ತಾಳಲಾರದೆ ತಾನೇ ಎದ್ದು ತೆನೆ ತೆನೆಯ ಕಾಳು ಒತ್ತಿ ನೋಡಿದ. ಉಗುರಲ್ಲಿ ರಕ್ತ ಬಂತು. ಎಣ್ಣೆಯ ಪಸೆ ಯಾವುದು, ರಕ್ತದ ಪಸೆ ಯಾವುದು, ಒಂದೂ ತಿಳಿಯಲಿಲ್ಲ.

ಆರನೆಯ ದಿನ ಮಠದ ಜೋಳ ಮುಗಿಯಿತು. ಓದಲು ಬಂದವರು ಗಂಟುಮೂಟೆ ಹೊತ್ತು, ಅಡಿವೆಪ್ಪನ ಮುಖ ನೋಡದೆ ಊರ ದಾರಿ ಹಿಡಿದರು.

"ಅಜ್ಜಾರ, ನನ್ನಂಥ ಪಾಪಿಗೆ ಏನರ ದಾರಿ ಐತೇನ್ರೀ?"

ಅಜ್ಜ ಆಕಾಶದ ಕಡೆ ಕಿವಿಗೊಟ್ಟು ಕೂತಿದ್ದರು.

ಒಂಬತ್ತನೆಯ ದಿನ ಪಡುವಣದಲ್ಲಿ ಮೋಡ ಕಟ್ಟಿತು. ಮಳೆ ಬಿದ್ದರೆ ತೆನೆಗಳು ಕೊಳೆಯುತ್ತವೆ, ಎತ್ತಿ ಒಳಗಿಟ್ಟರೆ ಗಿಳಿಗೆ ಕಾಣುವುದಿಲ್ಲ, ಆಮೇಲೆ ಬಿತ್ತಲು ಏನೂ ಇಲ್ಲ.

ಆಗ ಬಂತು, ಒಂದೇ ಒಂದು ಗಿಳಿ.

ಬಂಡೆಯ ಮೇಲಿಳಿದು ಒಂದು ತೆನೆಯಿಂದ ಕಾಳು ಕಿತ್ತಿತು, ಉಗುಳಿತು. ಪಕ್ಕದ್ದರಲ್ಲಿ ಕಿತ್ತಿತು, ಉಗುಳಿತು. ಹೀಗೆ ಇಪ್ಪತ್ತು, ಮೂವತ್ತು ತೆನೆ. ಆಮೇಲೆ ಒಂದರ ಮೇಲೆ ಕೂತಿತು. ಕಾಳು ಒಡೆದು ತಿಂದಿತು. ಇನ್ನೊಂದು ತಿಂದಿತು. ಗಾಳಿಗೆ ಸಿಪ್ಪೆ ಹಾರಿತು.

"ತಿನ್ನಾಕತ್ತೈತಿ," ಎಂದು ಅಜ್ಜ ಪಿಸುಗುಟ್ಟಿದರು. ಅವರಿಗೆ ಕಾಣುತ್ತಿರಲಿಲ್ಲ, ಸಿಪ್ಪೆ ಒಡೆಯುವ ಸದ್ದು ಕೇಳಿಸುತ್ತಿತ್ತು.

ಅಡಿವೆಪ್ಪನ ಕಣ್ಣು ತುಂಬಿ ಬಂದವು. ಆ ಹಸಿರು ರೆಕ್ಕೆ, ಆ ಕೆಂಪು ಕೊಕ್ಕು, ಅದನ್ನೇ ನೋಡುತ್ತ ಎದ್ದು ನಿಂತ. ಎದೆಯೊಳಗಿಂದ ಏನೋ ಉಕ್ಕಿ ಗಂಟಲಿಗೆ ಬಂತು. ಏಳು ವರ್ಷ ಗಿಳಿ ಕಂಡಾಗಲೆಲ್ಲ ಆ ಗಂಟಲು ಮಾಡಿದ್ದು ಒಂದೇ ಕೆಲಸ.

"ಹೋಹೋಯ್!"

ಗಿಳಿ ಬೆದರಿ ಹಾರಿ ಹೊಳೆ ದಾಟಿತು. ತಿರುಗಿ ಬರಲಿಲ್ಲ.

ಅಡಿವೆಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಬಂಡೆಯ ಮೇಲೆ ನಾನೂರು ತೆನೆ, ಎಲ್ಲ ಒಂದೇ ಥರ. ಗಿಳಿ ಕುಕ್ಕಿದ ಗುರುತು, ಅವನ ಉಗುರು ಕಿತ್ತ ಗುರುತು ಎಲ್ಲೆಂದರಲ್ಲಿ. ದಪ್ಪ ಹನಿಗಳು ಬೀಳತೊಡಗಿದವು.

ಅಜ್ಜ ಕೋಲು ಊರಿ ಎದ್ದರು. ಹತ್ತಿರ ಬಂದು ಅವನ ಹೆಗಲು ತಡವಿ ಮೆಲ್ಲಗೆ ಕೇಳಿದರು:

"ಯಾವ ತೆನಿ ಅಂತ ನೋಡ್ಕೊಂಡಿ ಏನಪಾ?"