ಜೇನಿಗೆ ಹಿಡಿದ ಹೊಗೆ

"ಅಜ್ಜಯ್ಯ, ನಲವತ್ತು ವರ್ಷ ಜಪ ಮಾಡಿ ನೀವು ಪಡೆದ ಶಾಂತಿ ನನಗೆ ಚಿಲುಮೆಯ ಎರಡು ದಮ್ಮಿಗೇ ಸಿಗುತ್ತದೆ. ಅದರಲ್ಲಿ ತಪ್ಪೇನು?" ಎಂದು ಶಿಷ್ಯ ನಿರುಪಾದಿ ಕೇಳಿದ.

ಕೇಳುವಷ್ಟರಲ್ಲೇ ಅವನಿಗೆ ದಣಿವಾಗಿತ್ತು. ಚಿಲುಮೆಯಲ್ಲಿದ್ದದ್ದು ಗಾಂಜಾ, ದಾರಿಹೋಕ ಬೈರಾಗಿಗಳ ಜೊತೆ ತಮಾಷೆಗೆಂದು ಸೇದಲು ಶುರುಮಾಡಿದ್ದು. ಈಗ ಅದಿಲ್ಲದೆ ಹಾಸಿಗೆ ಬಿಟ್ಟೇಳಲು ಆಗುತ್ತಿರಲಿಲ್ಲ. ಯಾರೂ ಇಲ್ಲದ ಕಡೆ ಯಾರೋ ಪಿಸುಗುಟ್ಟಿದಂತಾಗಿ ಬೆಚ್ಚುತ್ತಿದ್ದ. ನಾಳೆಯಿಂದ ಬಿಡುತ್ತೇನೆ ಎನ್ನುತ್ತಲೇ ಮೂರು ಅಮಾವಾಸ್ಯೆ ಕಳೆದಿದ್ದವು.

ಅಜ್ಜಯ್ಯ ಗೋಡೆಗೆ ಒರಗಿದರು. ಹಿಂದೊಬ್ಬ ಶಿಷ್ಯನೂ ಇದನ್ನೇ ಕೇಳಿದ್ದ. ಅವನೀಗ ತನ್ನ ಹೆಸರನ್ನೇ ಮರೆತು ಸಂತೆಯಲ್ಲಿ ಅಲೆಯುತ್ತಾನೆ.

"ಒಬ್ಬ ಜೇನುಗಾರನಿದ್ದ" ಎಂದರು. "ಸೂರಿನ ಕೆಳಗೆ ಮಡಕೆ ಕಟ್ಟಿ ಜೇನು ಸಾಕಿದ್ದ. ಆ ತುಪ್ಪ ನೆಕ್ಕಿದ ಮೂಗನೊಬ್ಬ ಮೂರು ದಿನ ಬಾಯಿ ಮುಚ್ಚಲಿಲ್ಲ. ಕರಡಿಗಳು ಕೈಮುಗಿದು ಸಾಲಾಗಿ ನಿಲ್ಲುತ್ತಿದ್ದವು. ಸುಳ್ಳೆಂದೀಯೆ ಮತ್ತೆ! ಕೊನೆಯ ಕರಡಿಯ ಹಿಂದೆ ನಾನೇ ನಿಂತಿದ್ದೆ."

ನಿರುಪಾದಿಗೆ ನಗಬೇಕೆನಿಸಿತು. ನಗು ಬರಲಿಲ್ಲ.

"ಜೇನುಗಾರನಿಗೆ ಕಿರಿಕಿರಿ ಒಂದೇ, ನೊಣಗಳ ಗುಂಯ್ಗುಟ್ಟುವ ಸದ್ದು. ಒಂದು ದಿನ ಸುಮ್ಮನೆ ನೋಡೋಣವೆಂದು ಮಡಕೆಯ ಬಾಯಿಗೆ ಬೆರಣಿಯ ಹೊಗೆ ಹಿಡಿದ. ಸದ್ದು ಅಡಗಿತು. ಹಾಯೆನಿಸಿತು. ಮರುದಿನವೂ ಹಿಡಿದ. ಆಮೇಲೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಆಮೇಲೆ ಹೊತ್ತುಗೊತ್ತಿಲ್ಲ.

"ಹೆಂಡತಿ ಮಡಕೆ ಎತ್ತಿ ನೋಡಿ, 'ಏನ್ರೀ, ದಿನದಿನಕ್ಕೆ ಹಗುರಾಗುತ್ತಿದೆಯಲ್ಲ ಇದು?' ಅಂದಳು.

"'ತೂಕ ಕಟ್ಟಿಕೊಂಡು ನನಗೇನಾಗಬೇಕೆ? ಸದ್ದಿಲ್ಲವಲ್ಲ, ನೀನೂ ಸದ್ದು ಮಾಡಬೇಡ' ಅಂದ.

"ಒಂದು ಬೆಳಿಗ್ಗೆ ಹೊಗೆ ಹಿಡಿಯುವ ಮೊದಲೇ ಮಡಕೆ ಸುಮ್ಮನಿತ್ತು. ಗೆದ್ದೆ ಎಂದುಕೊಂಡು ಮುಚ್ಚಳ ತೆಗೆದ. ನೊಣವಿಲ್ಲ, ತುಪ್ಪವಿಲ್ಲ. ಒಣಗಿದ ಜೇನುಹುಟ್ಟು ಮಾತ್ರ. ಆ ಮೌನವನ್ನು ಅವನಿಂದ ತಡೆಯಲಾಗಲಿಲ್ಲ. ಏನು ಮಾಡಿದ ಗೊತ್ತೆ? ಬರಿ ಮಡಕೆಗೆ ಹೊಗೆ ಹಿಡಿದ. ಇವತ್ತಿಗೂ ಹಿಡಿಯುತ್ತಿದ್ದಾನೆ."

ನಿರುಪಾದಿಯ ಕೈ ಸೊಂಟದಲ್ಲಿ ಸಿಕ್ಕಿಸಿದ್ದ ಚಿಲುಮೆಯ ಮೇಲಿತ್ತು.

"ಹೊಗೆಗೆ ನೊಣಗಳು ಹಾಯಾಗಿ ಮಲಗಿದ್ದವಲ್ಲ ಅಜ್ಜಯ್ಯ, ಮತ್ತೇಕೆ ಹೋದವು?"

ಅಜ್ಜಯ್ಯ ಕಣ್ಣು ಮುಚ್ಚಿಕೊಂಡೇ ಹೇಳಿದರು:

"ಹೊಗೆ ಕಂಡ ನೊಣ ಮಲಗುವುದಿಲ್ಲ ಮಗನೆ, ಮನೆಗೆ ಬೆಂಕಿ ಬಿತ್ತೆಂದು ಸದ್ದಿಲ್ಲದೆ ಬುತ್ತಿ ಕಟ್ಟಿಕೊಳ್ಳುತ್ತದೆ."

ನಿರುಪಾದಿ ತನ್ನ ತಲೆಯೊಳಗೆ ಇನ್ನೂ ಸದ್ದಿದೆಯೇ ಎಂದು ಕಿವಿಗೊಟ್ಟು ಕೂತ.