ಹೂವಿನಕೋಟೆಯ ಕಾರು ಕುಡಿದ ಪೆಟ್ರೋಲು

"ಹೂವಿನಕೋಟೆಯ ಪ್ರಜೆಗಳೆಲ್ಲ ಕೇಳಿರಪ್ಪೋ. ಅರಮನೆಯ ಕಾರಿಗೆ ಕೊಡಗಟ್ಟಲೆ ಪೆಟ್ರೋಲು ಹೊಯ್ದರೂ ಪೇಟೆ ಚೌಕ ದಾಟುವಷ್ಟರಲ್ಲಿ ಬರಿದಾಗುತ್ತಿದೆ. ಕಳ್ಳನನ್ನು ಹಿಡಿಯಲು ರಾಜಕುಮಾರಿ ಚಿತ್ರಲತೆ ಮೂರು ಒಗಟು ಹಾಕುತ್ತಾರೆ. ಬಿಡಿಸಿದವನಿಗೆ ಅರ್ಧ ರಾಜ್ಯ ಕೊಟ್ಟು ರಾಜಕುಮಾರಿಯೊಡನೆ ಮದುವೆ. ತಪ್ಪಿದವನಿಗೆ ತಲೆದಂಡ. ಹುಣ್ಣಿಮೆಯೊಳಗೆ ಯಾರೂ ಬಿಡಿಸದಿದ್ದರೆ, ಕಾರು ಓಡಿಸುವ ಬೀರಣ್ಣನೇ ಕಳ್ಳನೆಂದು ತಿಳಿದು ಅವನ ತಲೆ ತೆಗೆಯಲಾಗುವುದು."

ಡಂಗುರ ಹೊಡೆದು ಇದನ್ನು ಸಾರಿದವನು ಬೀರಣ್ಣನ ಸ್ವಂತ ತಮ್ಮ ಮಾಳಿಂಗ. ಕೊನೆಯ ವಾಕ್ಯವನ್ನು ಅವನು ಮೆಲ್ಲಗೆ ಹೇಳಿ ಮುಗಿಸಲು ನೋಡಿದ. ಜತೆಗಿದ್ದ ಜಮೇದಾರ ಅದನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳಿಸಿದ.

ಆ ಕಾರನ್ನು ತರಿಸಿದ್ದು ದೊರೆ ಉದಯಭಾನುವಿನ ಅಜ್ಜ. ಹಣೆಗೆ ಕುಂಕುಮ ಹಚ್ಚಿಸಿಕೊಂಡು, ಆನೆಯ ಗಾಂಭೀರ್ಯದಿಂದ ಅದು ಬೀದಿಗಿಳಿದರೆ ಮುದುಕರು ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದರು. ಊರಾಚೆಯ ಬಯಲು ರಸ್ತೆಯಲ್ಲಿ ಅದು ಸನ್ಯಾಸಿಯ ಹಾಗೆ ಮಿತಾಹಾರಿ. ಊರೊಳಗೆ ಬಂತೋ, ಮದುವೆಮನೆಯ ಹಸಿದ ನೆಂಟ. ಜತೆಗೆ ಇನ್ನೊಂದು ಪದ್ಧತಿಯಿತ್ತು. ಹಿಂದಿನ ದೊರೆ ಕಾಲವಾದ ದಿನ ಶೋಕದ ಗುರುತಾಗಿ ಕಾರನ್ನು ಚೌಕದ ನಡುವೆ ಆಫ್ ಮಾಡಿದ್ದರು. ಅಂದಿನಿಂದ ಅರಮನೆಯ ಕಾರು ಬೀದಿಯಲ್ಲಿ ಸದ್ದು ನಿಲ್ಲಿಸಿದರೆ ದೊರೆ ಹೋದರೆಂದೇ ಅರ್ಥ. ದೊರೆಯ ಕಾರು ಹೇಗೋ ಪ್ರಜೆಗಳ ವಾಹನಗಳೂ ಹಾಗೇ. ಚೌಕದಲ್ಲಿ ಎಷ್ಟು ಹೊತ್ತು ಸಿಕ್ಕಿಬಿದ್ದರೂ ಯಾರೂ ಎಂಜಿನ್ ಆರಿಸುತ್ತಿರಲಿಲ್ಲ. ದೊರೆಯ ದೀರ್ಘಾಯುಷ್ಯಕ್ಕಾಗಿ ಊರಿಗೆ ಊರೇ ಹೊಗೆ ಬಿಡುತ್ತಿತ್ತು.

ಸಭೆ ಸೇರಿತು. ರಾಜಕುಮಾರಿ ಮೊದಲ ಒಗಟು ಹೇಳಿದಳು: "ಒಂದು ಹೆಜ್ಜೆಯೂ ಇಡದೆ ನಿಂತಲ್ಲೇ ಉಣ್ಣುತ್ತದೆ, ಉಂಡದ್ದಕ್ಕೆ ಏನನ್ನೂ ಕೊಡುವುದಿಲ್ಲ. ಏನದು?"

ನೆರೆನಾಡಿನ ಯುವರಾಜ ನಂದಾದೀಪ ಎಂದ. ದೀಪ ಉಂಡ ಎಣ್ಣೆಗೆ ಬೆಳಕು ಕೊಡುತ್ತದಲ್ಲ, ಎಂದಳು ರಾಜಕುಮಾರಿ. ಯುವರಾಜನನ್ನು ಜಗಲಿಗೆ ಕರೆದೊಯ್ದರು. ತಲೆ ಕಡಿಯುವ ಕಟುಕ ನದಿಯಾಚೆಯಿಂದ ಬರಬೇಕಿತ್ತು. ಬೆಳಗ್ಗೆಯೇ ಹೊರಟವನು ಚೌಕದಲ್ಲಿ ಸಿಕ್ಕಿಬಿದ್ದಿದ್ದ. ಅಲ್ಲಿಯವರೆಗೆ ಯುವರಾಜನಿಗೆ ಮಜ್ಜಿಗೆ ಕೊಟ್ಟರು.

ಆಮೇಲೆ ಬಂದ ಆಸ್ಥಾನ ಪಂಡಿತ, ಕಾರು ಎಲ್ಲಿ ಎಷ್ಟು ನಿಲ್ಲುತ್ತದೆಂದು ಬಲ್ಲವನು, ಮೊದಲನೆಯದನ್ನು ಸಲೀಸಾಗಿ ಬಿಡಿಸಿದ. ರಾಜಕುಮಾರಿ ಎರಡನೆಯದನ್ನು ಕೇಳಿದಳು: "ಎಲ್ಲರೂ ಕಷ್ಟಪಟ್ಟು ಗಳಿಸುತ್ತಾರೆ, ಮರುಗಳಿಗೆಯಲ್ಲಿ ತಾವೇ ಕಾಲಲ್ಲಿ ತುಳಿದು ಕೊಲ್ಲುತ್ತಾರೆ. ಒಬ್ಬರೂ ಅಳುವುದಿಲ್ಲ. ಏನದು?" ಪಂಡಿತ ಕಣ್ಣು ಮುಚ್ಚಿ, ಕೀರ್ತಿ ಎಂದ. ಕೀರ್ತಿ ಕಳೆದುಕೊಂಡು ಅಳದವನನ್ನು ತೋರಿಸಿ, ಎಂದಳು. ಪಂಡಿತನಿಗೂ ಮಜ್ಜಿಗೆ ಬಂತು.

ಅಷ್ಟರಲ್ಲಿ ದೂರದಲ್ಲಿ ಕಟುಕನ ಗಾಡಿಯ ಹಾರನ್ ಕೇಳಿಸಿತು. ಹುಣ್ಣಿಮೆ ಅಂದೇ. ಸಭೆಯ ಕಂಬಕ್ಕೆ ಕಟ್ಟಿಹಾಕಿದ್ದ ಬೀರಣ್ಣ ತಲೆ ತಗ್ಗಿಸಿದ. ಮಾಳಿಂಗ ಡಂಗುರ ಕೆಳಗಿಟ್ಟು ಮುಂದೆ ಬಂದ.

"ಲೋ ತಮ್ಮ, ಮನೆಗೆ ಒಂದು ತಲೆ ಹೋದರೆ ಸಾಕು, ಹಿಂದಕ್ಕೆ ಹೋಗು," ಎಂದ ಬೀರಣ್ಣ.

ಮಾಳಿಂಗ ಹೋಗಲಿಲ್ಲ. ಮೊದಲನೆಯದು ಚೌಕದಲ್ಲಿ ನಿಂತ ಕಾರಿನ ಎಂಜಿನ್ ಎಂದ. ಎರಡನೆಯದಕ್ಕೆ ಅವನು ಅಣ್ಣನ ಬಲಗಾಲು ನೋಡಿದ. ರಾತ್ರಿಯೆಲ್ಲ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಅಣ್ಣ ಗೊಣಗುವುದು ಅವನಿಗೆ ಬಾಯಿಪಾಠ: ಹತ್ತು ಮಾರು ಓಡಿಸು, ಬ್ರೇಕ್ ತುಳಿ, ಮತ್ತೆ ಮೊದಲಿನಿಂದ ಓಡಿಸು.

"ವೇಗ, ಅಮ್ಮಣ್ಣಿಯವರೇ. ಪೆಟ್ರೋಲು ಸುಟ್ಟು ಗಳಿಸಿದ್ದನ್ನು ಬ್ರೇಕು ತಿನ್ನುತ್ತದೆ."

ರಾಜಕುಮಾರಿ ತಲೆದೂಗಿದಳು. ಮೂರನೆಯದನ್ನು ತಂದೆಯ ಕಡೆ ನೋಡದೆ ಕೇಳಿದಳು: "ಕಳ್ಳನೊಬ್ಬ ದಿನವೂ ಅಪ್ಪಾಜಿಯ ಪಕ್ಕದಲ್ಲೇ ಕೂರುತ್ತಾನೆ. ಅವನಿಗೆ ಮೈಯಿಲ್ಲ, ತೂಕವಿಲ್ಲ. ಅವನ ಮಾತನ್ನು ಅಪ್ಪಾಜಿಯೂ ಮೀರುವುದಿಲ್ಲ. ಎರಡು ಬೆರಳು ತಿರುವಿದರೆ ಇಳಿದು ಹೋಗುತ್ತಾನೆ. ಯಾರು?"

ಉತ್ತರ ಮಾಳಿಂಗನಿಗೆ ಕೂಡಲೇ ಹೊಳೆಯಿತು. ಆದರೆ ದೊರೆಯ ಸಾವಿನ ಮಾತನ್ನು ದೊರೆಯ ಮುಂದೆ ಆಡಿದವರು ಆ ಊರಲ್ಲಿ ಇರಲಿಲ್ಲ. ಮಗಳೇ ಆಡಲಾರದೆ ಒಗಟು ಕಟ್ಟಿದ್ದಾಳೆಂಬುದೂ ಅವನಿಗೆ ಆಗಲೇ ತಿಳಿಯಿತು.

"ಬುದ್ಧಿ, ಅದು ಭಯ," ಎಂದ ದೊರೆಯ ಕಡೆ ತಿರುಗಿ. "ಕಾರು ಆಫ್ ಮಾಡಿದರೆ ತಾವು ಇಲ್ಲವಾಗುತ್ತೀರಿ ಅನ್ನೋ ಭಯ. ನಮ್ಮಣ್ಣ ಒಂದು ತೊಟ್ಟೂ ಮುಟ್ಟಿಲ್ಲ."

ದೊರೆ ಎದ್ದ. ಬೀರಣ್ಣನನ್ನು ಬಿಚ್ಚಿಸಿ ಕಾರು ತೆಗೆಸಿದ. ಮಗಳನ್ನೂ ಮಾಳಿಂಗನನ್ನೂ ಹಿಂದೆ ಕೂರಿಸಿ ತಾನು ಮುಂದೆ ಕೂತ. ಚೌಕದಲ್ಲಿ ಎಂದಿನಂತೆ ಎಲ್ಲವೂ ನಿಂತಿತ್ತು. ದೊರೆ ಬೀರಣ್ಣನ ಕಡೆ ಬಾಗಿ, ಕಣ್ಣು ಮುಚ್ಚಿ, ಕೀ ತಿರುವಿದ.

ಕಾರು ಒಮ್ಮೆ ಮೈ ಕೊಡವಿ ಸುಮ್ಮನಾಯಿತು. ಜನ ಗೋಳೋ ಎಂದರು. ಹೂವಿನವಳೊಬ್ಬಳು ಎದೆ ಬಡಿದುಕೊಂಡಳು. ಶೋಕದ ಪದ್ಧತಿಯಂತೆ ಸಾಲಾಗಿ ವಾಹನಗಳೆಲ್ಲ ಆಫ್ ಆದವು, ಕಟುಕನದೂ.

ದೊರೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಾನು ಇದ್ದೇನೆ," ಎಂದ.

ಮೆಲ್ಲಗೆ ಹೇಳಿದ್ದ. ಚೌಕದ ಆ ತುದಿಯವರೆಗೂ ಕೇಳಿಸಿತು. ಅಳು ನಿಂತಿತು.

ಅಲ್ಲೇ ದೊರೆ ಬೀರಣ್ಣನನ್ನು ನಿರಪರಾಧಿಯೆಂದು ಸಾರಿದ, ಜಗಲಿಯಲ್ಲಿದ್ದವರಿಗೆ ಕ್ಷಮೆ ಕೊಟ್ಟ. ಅರ್ಧ ರಾಜ್ಯ ನಿನ್ನದು ಎಂದು ಮಾಳಿಂಗನಿಗೆ ಹೇಳಿದ. ಮಾಳಿಂಗ ತನಗೆ ಅಣ್ಣ ಸಿಕ್ಕಿದ್ದೇ ಸಾಕೆಂದ. ಕೊಟ್ಟ ಮಾತು ಅಪ್ಪಾಜಿ ಹಿಂತೆಗೆದುಕೊಳ್ಳುವುದಿಲ್ಲ, ನಾನೂ ಅದರಲ್ಲಿ ಸೇರಿದ್ದೇನೆ, ಎಂದು ರಾಜಕುಮಾರಿ ಕಿಟಕಿಯ ಹೊರಗೆ ನೋಡುತ್ತ ನೆನಪಿಸಿದಳು. ಮಾಳಿಂಗ ಒಪ್ಪಿಕೊಂಡ.

ಗುಡಿಯ ಗಿಳಿಗಳು ಕೂಗುತ್ತಿದ್ದವು. ಎಲ್ಲೋ ಬಾಣಲೆಯಲ್ಲಿ ಬಜ್ಜಿ ಚುರುಗುಟ್ಟುತ್ತಿತ್ತು, ಯಾವುದೋ ಮಗು ನಗುತ್ತಿತ್ತು. ಹೊಗೆ ತಿಳಿಯಾಗಿ ಬೆಟ್ಟವೊಂದು ಕಾಣಿಸಿಕೊಂಡಿತು. ದೊರೆ ಬಹಳ ಹೊತ್ತು ಕಿವಿಗೊಟ್ಟು ಕೂತಿದ್ದ.

"ಇದು ಯಾವ ಊರು, ಬೀರಣ್ಣ?"

"ತಮ್ಮದೇ, ಬುದ್ಧಿ. ಹೊರಡೋಣವೇ?"

"ಇರಲಿ," ಎಂದ ದೊರೆ. "ಸ್ವಲ್ಪ ಹೊತ್ತು."